ಪ್ರೇಮಮ್ಮ ನೋಡಿ ಆರಿಸಿದ ಕ್ಯಾಮೆರಾ

...ಅಲ್ಲ ಕಣೇ ರಕ್ಷಾ, ನಿಮ್ಮ ಚಿಕ್ಕಮ್ಮ ದಾರಿ ತಪ್ಪಿ ಬಂದ್ಲು ಅಂದ್ಕೊಂಡ್ಯಾ? ನಿನ್ನ ಕ್ಯಾಮೆರಾ ತಗೊಳ್ಳಾಕೆ ಹೊನ್ನಾಳಿಗೆ ಅಂತ ಹೊರಟ್ವಿ, ಹೌದು. ನ್ಯಾಮತಿಗೆ ಬಂದು ಇಳಿದ್ವಿ, ಅದೂ ಹೌದು. ಅಷ್ಟಕ್ಕೇ ತಪ್ಪಿದ್ದು ಅಂತಾನಾ? ಬೇಕಂತ್ಲೇ ಬಂದಿದ್ದು! ನೋಡು ಈ ಸ್ಟುಡಿಯೋದ ರೇಣುಕಪ್ರಸಾದ್ರು ಎಂಥ ಮನುಷ್ಯ... ಎರಡು ಹಳೇ ಕ್ಯಾಮೆರಾ, ಎರಡು ಲೆನ್ಸು ಗಾಜಿನ ಮೇಜಿನ ಮೇಲಿಟ್ಟು, "ನೋಡ್ತಿರ್ರಿ ಅಮ್ಮಾರೇ, ಚಾ ಕುಡ್ದು ಬಂದೆ" ಅಂತ ಅಂಗಡೀನೇ ನಮ್ಮ ಕೈಗೆ ಬಿಟ್ಟು ಹೋದ್ರು. ಹೊನ್ನಾಳೀಲಿ ಯಾರು ಬಿಡ್ತಿದ್ರು ಹಿಂಗೆ?

ಯಾಕೆ ನಗ್ತೀಯ?

ಆ ಕೆಂಪು ಬಸ್ಸಾ? ಅದರ ಹಿಂದೆ ಹಿಂದೆ ಸ್ಕೂಟಿ ಬಿಟ್ಕೊಂಡು ಬಂದ್ರೆ ಏನಾತು? ಚನ್ನಗಿರಿ ಬಿಟ್ಟಾಗಿಂದ ಬಂದೆ, ಏನೀಗ? ದೊಡ್ಡ ಬಸ್ಸು ಮುಂದಿದ್ರೆ ಎದುರುಗಾಳಿ ಇಲ್ಲ, ನಾಯಿ ಅಡ್ಡ ಬರಲ್ಲ. ಬೋರ್ಡು ಓದಿದೆ ಕಣೇ... ಓದಿದೆ ಅಂತಿದೀನಲ್ಲ! ಹೊಳೆ ದಾಟಿದ ಮೇಲೆ ನೀನು ಬೆನ್ನಿಗೆ ಬೆರಳಲ್ಲಿ ಚುಚ್ಚಿದ್ದೂ ಗೊತ್ತಾತು. ಬಾಯಿಬಿಟ್ಟು "ಚಿಕ್ಕಮ್ಮ, ಹೊನ್ನಾಳಿ ಹೋತು" ಅಂದಿದ್ರೆ ಮುತ್ತು ಉದುರ್ತಿತ್ತಾ? ಜಗಳೂರಿಂದ ರಜಕ್ಕೆ ಬಂದು ಎಂಟು ದಿನ ಆತು, ಎಂಟು ಮಾತಾಡಿಲ್ಲ ನೀನು. ನೀನು ಓದಿದ ಆ ಇಂಗ್ಲಿಷ್ ಸ್ಕೂಲಿನೋರು ಮಾತಾಡಾಕೆ ಕಲಿಸಿದ್ರೋ, ಸುಮ್ಮನಿರಾಕೆ ಕಲಿಸಿದ್ರೋ!

ಆದ್ರೆ ಮನೇಲಿ ಮಾತಾಡ್ಬೇಕು. ತಿಳೀತಾ? ನಿಮ್ಮ ಚಿಕ್ಕಪ್ಪ ಬಾಗಿಲಲ್ಲೇ ನಿಂತಿರ್ತಾರೆ. ಬಸ್ಸಲ್ಲಿ ಹೋಗ್ರಿ ಅಂದೋರಿಗೆ ಪಂಥ ಕಟ್ಟಿ ಬಂದೀನಿ ನಾನು. "ಹುಡುಗಿ ಹಿಂದೆ ಕೂತು ಬರ್ಲಿ. ಚಿಕ್ಕಮ್ಮನ ಕಣ್ಣು ಸರಿ ಐತೆ ಅಂತ ಅವಳ ಬಾಯಲ್ಲಿ ಬಂದ್ರೆ ಸ್ಕೂಟಿ ಕೀಲಿ ನಂದು. ಇಲ್ಲಾಂದ್ರೆ ಇವತ್ತೇ ನಿಮ್ಮ ಜೇಬಿಗೆ." ನನ್ನ ಮಾತು ನಂಬಲ್ಲ ಅವರು, ನಿನ್ನ ಮಾತು ನಂಬ್ತಾರೆ. ಕಡಿಮೆ ಮಾತಾಡೋರಿಗೆ ಅದೊಂದು ಲಾಭ ನೋಡು.

ಏನು ಮಹಾ ಮಾಡಿದೀನಿ? ಗೇಟಿನ ಕಂಬಕ್ಕೆ ಒಂದ್ಸಲ. ಆ ಕಂಬ ಇರೋದೇ ಓರೆಗೆ. ಹಾಲಿನ ಕ್ಯಾನಿಗೆ ಒಂದ್ಸಲ. ಕ್ಯಾನನ್ನ ರಸ್ತೇಲಿಡ್ತಾರಾ ಯಾರಾದ್ರೂ? ಆಮೇಲೆ ಕೊಟ್ರಬಸಪ್ಪನ ಅಂಗಡಿ ಷಟರ್ರು... ಅದು ಮುಚ್ಚಿತ್ತು ಕಣೇ, ಸೋಮವಾರ ತೆರೆದಿರ್ಬೇಕಲ್ಲ! ಅಷ್ಟಕ್ಕೇ "ಪ್ರೇಮಾ, ಕಣ್ಣು ತೋರಿಸು, ಕಣ್ಣು ತೋರಿಸು." ಆ ಸ್ಕೂಟಿ ಹೋದ್ರೆ ನಾನು ಮಂಗಳವಾರ ಉಬ್ರಾಣಿಗೆ ಅಮ್ಮನ ಹತ್ರ ಹೋಗೋದು ಹೆಂಗೆ? ಸಂಘದ ಮೀಟಿಂಗಿಗೆ ಹೋಗೋದು ಹೆಂಗೆ? "ಏನ್ರೀ, ಬಿಡುವೈತಾ, ಕರ್ಕೊಂಡು ಹೋಗ್ತೀರಾ?" ಅಂತ ಸೆರಗು ಹೊದ್ದು ಕಟ್ಟೆ ಮೇಲೆ ಕೂರ್ಲಾ? ನಾನು?

ಆತು ಬಿಡು. ನಿನ್ನ ಕ್ಯಾಮೆರಾ ನೋಡಾನ. ಎರಡು ವರ್ಷ ನೀನು ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ದುಡ್ಡು, ಸುಮ್ಮನೆ ಸುರಿಯಾಕಾಗಲ್ಲ.

ಆ ಮೆಗಾಪಿಕ್ಸೆಲ್ ಚೀಟಿ ಕೆಳಗಿಡು. ಇಪ್ಪತ್ನಾಲ್ಕೋ ನಲವತ್ತೋ, ನೀನೇನು ಆ ನಾಲ್ಕು ಕೊಂಬಿನ ಕೊಂಡುಕುರಿ ಫೋಟೋನ ಬಸ್‌ಸ್ಟ್ಯಾಂಡಿಗೆ ಬ್ಯಾನರ್ ಕಟ್ಟಿಸ್ತೀಯಾ? ಮೊದಲು ಕೈಯಲ್ಲಿ ಹಿಡಿ. ಹಿಡಿದು ಒಂದು ಗಳಿಗೆ ನಿಲ್ಲು. ಹಾಂ, ನೋಡಿದ್ಯಾ? ಆ ದೊಡ್ಡದು ನಿನ್ನ ಗುಬ್ಬಚ್ಚಿ ಕೈಗೆ ಕುಟ್ಟಾಣಿ ಇದ್ದಂಗೈತೆ. ನೂರು ಮದುವೆ ಉಂಡು ಬಂದಿರೋ ಮಾಲು ಅದು. ಈ ಚಿಕ್ಕದು ನೋಡು, ಹೆಂಗೆ ಕೂತ್ಕೊಂತು ಅಂಗೈಯಾಗೆ!

ಲೆನ್ಸಿಗೆ ಬಾ. ಜೊತೇಲೇ ಬರೋ ಪುಟ್ಟದು ಸಾಕು ಕಲಿಯಾಕೆ, ಆಮೇಲೆ ಬೇಕಾದ್ರೆ ಒಂದು ತಗೋರಿ ಅಂದ್ರು ರೇಣುಕಪ್ರಸಾದ್ರು. ನೀನು ಆ ಉದ್ದದ್ದೇ ಹಿಡ್ಕೊಂಡು ಕೂತೀಯ. ರಂಗಯ್ಯನದುರ್ಗದ ಕಾಡಿಗೆ, ಕೊಂಡುಕುರಿಗೆ ಅಂತ. ಸುಳ್ಳು! ನಂಗೊತ್ತು ನಿನ್ನ ಕಳ್ಳಾಟ. ಗಿಡ್ಡ ಲೆನ್ಸಾದ್ರೆ ಮನುಷ್ಯರ ಹತ್ರ ಹೋಗ್ಬೇಕು. ಹತ್ರ ಹೋದ್ರೆ "ಒಂದು ಫೋಟೋ ತೆಗೀಲಾ?" ಅಂತ ಕೇಳ್ಬೇಕು. ಅದಕ್ಕೇ ಫರ್ಲಾಂಗು ದೂರದಲ್ಲಿ ಬೇಲಿ ಮರೆಗೆ ನಿಂತು ತೆಗೆಯೋ ಸಂಚು!

ಕೆಂಪಗಾದೆ ನೋಡು. ಸಿಕ್ಕಿಬಿದ್ದೆ!

ಆದ್ರೂ ಉದ್ದದ್ದೇ ತಗೋ. ನಾನು ಬ್ಯಾಡ ಅನ್ನಲ್ಲ. ಸೂಳೆಕೆರೆ ಏರಿ ಮೇಲೆ ನಿಂತಾಗ ನಂಗೂ ಒಂಚೂರು ಕೊಡು, ಆಚೆ ದಡ ನೋಡ್ಬೇಕು... ತಡಿ, ಈ ಚಿಕ್ಕದಕ್ಕೇ ಹಾಕಿದಾರಲ್ಲ ಉದ್ದದ್ದು, ಇನ್ನೊಂದ್ಸಲ ನೋಡ್ತೀನಿ, ಕೊಡಿಲ್ಲಿ. ಅಬ್ಬಾ... ಅಬ್ಬಬ್ಬಾ! ಕರೆಂಟ್ ತಂತಿ ಮೇಲೆ ಕಾಗೆ ಕೂತೈತೆ. ಕಾಲುಗುರು ಕಾಣ್ತೈತಲ್ಲೇ! ಎಷ್ಟು ದಿನ ಆಗಿತ್ತು ಕಾಗೆ ಕಾಲು ನೋಡಿ...

ಅಂದ್ರೆ... ಪುರಸೊತ್ತೆಲ್ಲೈತೆ ಹೆಂಗಸರಿಗೆ, ಕಾಗೆ ಕಾಲು ನೋಡಾಕೆ? ಅಂತ.

ಇದೇ ತಗೋ. ಚಿಕ್ಕದೇ. ಕಣ್ಣು ಮುಚ್ಚಿ ತಗೋ. ಆ ದೊಡ್ಡದ್ರಲ್ಲಿ ಮಂಜು ಮಂಜು, ಏನೂ ಕಾಣಲ್ಲ. ಒಳಗೆ ಬೂಷ್ಟು ಹಿಡಿದೈತೆ ಅದಕ್ಕೆ.

ಏನು? ಉಲ್ಟಾನಾ?... ದೊಡ್ಡದ್ರಲ್ಲಿ ನಿಂಗೆ ಚೆನ್ನಾಗಿ ಕಾಣ್ತೈತಾ? ಚಿಕ್ಕದ್ರಲ್ಲಿ ಮಂಜಾ? ಹೆಂಗಾಗುತ್ತೆ? ಈಗ ತಾನೇ ನಾನು ಕಾಗೆ ಉಗುರು ಎಣಿಸಿದೆ! ಕೊಡಿಲ್ಲಿ. ನೋಡು, ಅಂಗೈ ನೆಲ್ಲಿಕಾಯಂಗೆ ಕಾಣ್ತೈತೆ... ತಗೋ. ಮತ್ತೆ ಮಂಜು ಅಂತೀಯಾ? ನಿಮ್ಮ ಚಿಕ್ಕಪ್ಪ ನನ್ನ ಕಣ್ಣು ತೋರಿಸು ಅಂತಾರೆ, ತೋರಿಸ್ಬೇಕಾಗಿದ್ದು ನಿನ್ನವೇ! ರಾತ್ರಿಯೆಲ್ಲ ಮೊಬೈಲು ನೋಡಿದ್ರೆ ಇನ್ನೇನಾಗುತ್ತೆ.

ಅದ್ಯಾಕೆ ತಿರುವಿ ಮುರುವಿ ನೋಡ್ತೀಯ? ಬಿಡು ಅದನ್ನ. ಕಣ್ಣಿಡೋ ಕಿಂಡಿ ಪಕ್ಕ ಇರೋ ಸಣ್ಣ ಗಾಲಿ ಅದು, ಸುಮ್ಮನೆ ಅಂದಕ್ಕೆ ಇಟ್ಟಿರ್ತಾರೆ. ಮುಟ್ಟಬ್ಯಾಡ, ಕಿತ್ತು ಬಂದಾತು... ಮುಟ್ಟಬ್ಯಾಡ ಅಂದೆ. ರಕ್ಷಾ!

ತಿರುಗಿಸಿದ್ಯಾ.

ಈಗ... ಕಾಣ್ತೈತಾ ನಿಂಗೆ?

ಹೂಂ. ನಾನೇ ತಿರುಗಿಸಿದ್ದೆ. ಸ್ವಲ್ಪ. ಸ್ವಲ್ಪ ಅಂದ್ರೆ... ಕೊನೇವರೆಗೂ. ಇನ್ನೂ ತಿರುಗುತ್ತೇನೋ ನೋಡಿದೆ, ತಿರುಗ್ಲಿಲ್ಲ. ದೊಡ್ಡದರ ಗಾಲಿ ಜಡ್ಡು ಹಿಡಿದೈತೆ, ಅಲ್ಲಾಡ್ಲಿಲ್ಲ, ಅದಕ್ಕೇ... ಅದಕ್ಕೇ ಏನಲ್ಲ! ಹಿಂಗೆ ನೋಡಬ್ಯಾಡ ನನ್ನ. "ಕನ್ನಡಕದೋರು ಕನ್ನಡಕ ತೆಗೆದು ನೋಡಾಕೆ ಈ ಗಾಲಿ" ಅಂತ ರೇಣುಕಪ್ರಸಾದ್ರು ಅಂದಾಗ ನೀನು ಆ ಗೋಡೆ ಫೋಟೋ ನೋಡ್ತಿದ್ಯಲ್ಲ! ಕೇಳಿಸ್ಕೊಂಡ್ಯಾ? ನೋಡ್ತಾ ನೋಡ್ತಾ ಕೇಳಿಸ್ಕೊಂತೀಯಾ? ಎಂಥ ಮಳ್ಳಿ ಇದ್ದೀಯೇ!

ಏನು ತೋರಿಸ್ತಿದ್ದೀಯ? ಹಂಗೆ ಬೆರಳು ಚಾಚಬ್ಯಾಡ, ಎದುರು ಅಂಗಡಿಯೋರು ಏನಂದ್ಕೊಂತಾರೆ... ಅದನ್ನ ಓದ್ಬೇಕಾ? ಓಹೋ, ನಂಗೇ ಪರೀಕ್ಷೆ! ಅದೇನು ಕಷ್ಟ. ರಸ್ತೆ ಆಚೆ, ಕೆಂಪು ಬೋರ್ಡು, ದೊಡ್ಡದು. ಅಂಚಿಗೆ ಹಳದಿ. ಶ್ರೀ... ಶ್ರೀ ಗುರು... ಬಸವ... ಗೊಬ್ಬರ ಮತ್ತು ಬೀಜದಂಗಡಿ. ಸಾಕಾ? ಕೆಳಗೆ ಫೋನ್ ನಂಬರೂ ಐತೆ, ಓದ್ಲಾ?

ಯಾಕೆ, ಗೊಬ್ಬರದ್ದಲ್ವಾ? ಬಟ್ಟೆ ಅಂಗಡಿ?

ಬೇಕರಿನಾ?

ಏನಾದ್ರೂ ಹೇಳೇ.

...ಅಲ್ಲಿ ಬೋರ್ಡೇ ಇಲ್ವಾ?

ಅಯ್ಯೋ. ಅಲ್ಲಾಡ್ತೈತೆ. ಸೀರೆನಾ ಅದು? ಯಾರೋ ಮಾಳಿಗೆಯಿಂದ ಒಣಗಾಕಿರೋ ಸೀರೆನಾ?

...

ಯುಗಾದಿ ಮುಗಿದ ಕೂಡ್ಲೇ ಕಣ್ಣು ತೋರಿಸಿದ್ದೆ ಕಣೇ. ಯಾರಿಗೂ ಹೇಳ್ದೆ ಹೋಗಿ ತೋರಿಸಿದ್ದೆ. ಕನ್ನಡಕಾನೂ ಮಾಡಿಸಿದೀನಿ. ಗೋಧಿ ಡಬ್ಬದಾಗೆ ಐತೆ, ತಳದಾಗೆ. ಹಾಕ್ಕೊಂಡು ಕನ್ನಡಿ ಮುಂದೆ ನಿಂತೆ ಒಂದ್ಸಲ... ಕಾಣ್ತೈತೆ, ಎಲ್ಲಾ ಕಾಣ್ತೈತೆ. ಆದ್ರೆ ಅದನ್ನ ಹಾಕ್ಕೊಂಡು ಹೊರಗೆ ಬಂದ್ರೆ ಕಂಬ, ಕ್ಯಾನು, ಷಟರ್ರು, ಮೂರೂ ನಂದೇ ತಪ್ಪು ಅಂತ ಒಪ್ಕೊಂಡಂಗೆ ಆಗಲ್ವಾ? ಅವರು ಗೆದ್ದಂಗೆ ಆಗಲ್ವಾ? ಅದಕ್ಕೇ ಇವತ್ತೊಂದು ದಿನ... ಇದೊಂದು ಪಂಥ ಗೆದ್ದು ಆಮೇಲೆ ಹಾಕ್ಕೊಳ್ಳಾನ ಅಂತ...

ನಿನ್ನನ್ನ ಹಿಂದೆ ಕೂರಿಸ್ಕೊಂಡು. ಹೂಂ. ಅದು ತಪ್ಪು. ಅದೊಂದು ನಂದೇ ತಪ್ಪು. ಅಷ್ಟು ದೂರ, ಏನಾದ್ರೂ ಆಗಿದ್ರೆ... ಬೈಯೇ ಒಂದ್ಸಲ. ನೀನು ಸುಮ್ಮನೆ ನೋಡೋದಕ್ಕಿಂತ ಅದು ವಾಸಿ.

ತಗೋ. ಮೇಜಿನ ಮೇಲೆ ಇಟ್ಟೀನಿ ನೋಡು, ಕೀಲಿ. ಮನೇಲಿ ನೀನು ಬಾಯಿ ಬಿಡೋದು ಬ್ಯಾಡ, ನಾನೇ ಹೇಳ್ತೀನಿ. ಕನ್ನಡಕ ಹಾಕ್ಕೊಂಡೇ ಹೇಳ್ತೀನಿ, ಅವರ ಮುಖ ಹೆಂಗಾಗುತ್ತೆ ಅಂತ ಸರಿಯಾಗಿ ನೋಡ್ಬೇಕಲ್ಲ.

ತಗೊಂಡ್ಯಾ? ಓಡ್ಸಾಕೆ ಬರುತ್ತಾ ನಿಂಗೆ? ಲೈಸೆನ್ಸೂ ಐತಾ! ಇಡೀ ದಾರಿ ನನ್ನ ಹಿಂದೆ ಕೂತ್ಕೊಂಡು ಒಂದು ಮಾತು... ಇರ್ಲಿ. ಆದ್ರೆ ಹಾರ್ನು? ಯಾರಾದ್ರೂ ತಿರುಗಿ ನೋಡ್ತಾರೆ ಅಂತ ಹಾರ್ನು ಹೊಡಿಯಾಕೂ ನಾಚ್ಕೊಂತೀಯ ನೀನು, ನಂಗೊತ್ತಿಲ್ವಾ?

ಹೊಡಿಬ್ಯಾಡ ಬಿಡು. ನೀನು ದಾರಿ ನೋಡು, ಯಾರಾದ್ರೂ ಅಡ್ಡ ಬಂದ್ರೆ ನಂಗೆ ಮೊಣಕೈಲಿ ಮೆಲ್ಲಗೆ ಚುಚ್ಚು. ಹಿಂದೆ ಕೂತು ನಾನು ಕೂಗ್ತೀನಿ.