ಕಲಿಯುವವರ ಕೋಲು

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಗಂಟು ಹಿಡಿದು ಕೂತಿದ್ದ ಯಲ್ಲವ್ವನಿಗೆ ಬೆನ್ನ ಹಿಂದಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಜೋಳ ಕೊಯ್ದ ಹೊಲದಲ್ಲಿ ಗಾಲ್ಫ್ ಆಡುತ್ತಿದ್ದ ಮೋರಟಗಿಯ ಕ್ಯಾಪ್ಟನ್ ಸಾಹೇಬರ ಹೆಂಡತಿ, ಗಂಡನಿಗೆ ಚೆಂಡು ಹೊಡೆಯುವ ಕಬ್ಬಿಣದ ಕೋಲು ತರಲಿಕ್ಕೆ ಆಳು ಕಾಸಿಂಸಾಬನನ್ನು ಪುಣೆಗೆ ಕಳಿಸುತ್ತಿದ್ದರು.

“ಎಂಥಾ ಕೋಲು ತಾ ಅಂದಾರ, ಕಾಸಿಮಾ?”

“ದಪ್ಪ ತಳದ್ದು ರೀ, ಅವ್ವಾರ.”

“ಅದು ಹೊಸದಾಗಿ ಕಲಿಯವ್ರದಲ್ಲೇನು? ಅವ್ರು ಪಲ್ಟನ್ನಿನಾಗ ಕಪ್ ಗೆದ್ದವ್ರು. ಯಾವಾಗ್ಲೂ ತೆಳು ತಳದ್ದ ಹಿಡದವ್ರು.”

“ಲಕ್ವಾ ಹೊಡದು ಬಲಗೈ ಹೋತಲ್ರಿ. ಇನ್ನ ಎಡಗೈಲೆ ಮೊದಲಿಂದ ಕಲೀಬೇಕು ಅಂತಾರ.”

“ಅಂಗಡಿಯಾಂವ ಗುರ್ತಿನವ. ಯಾರಿಗಂತ ಕೇಳಿದ್ರ?”

“ಮಗಗ ಅನ್ನು ಅಂದಾರ್ರಿ.”

“ನಮಗ ಮಗ ಎಲ್ಲಿ ಹುಟ್ಟ್ಯಾನೋ?”

ಪುಣೆ ದಾರಿಯ ಸೊಲ್ಲಾಪುರದ ಬಸ್ಸು ಬಂತು, ಕಾಸಿಂಸಾಬ ಹತ್ತಿ ಕೂತ. ಯಲ್ಲವ್ವ ನೋಡಬಾರದೆಂದುಕೊಂಡೇ ತಿರುಗಿ ನೋಡಿದಳು. ಸಾಹೇಬರ ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡು, ಹೊರಟ ಬಸ್ಸಿನ ಕಿಟಕಿ ಹಿಡಿದು ಜೊತೆಗೇ ನಡೆಯುತ್ತಿದ್ದರು.

“ಕಾಸಿಮಾ, ಮಗಗಂತನ ಹೇಳು. ಎಡಗೈ ಕೋಲ ಬೇಕು, ಹುಡುಗ ಎಡಚ ಅದಾನ ಅನ್ನೂದು ಮರೀಬ್ಯಾಡ.”