ಕಾಶವ್ವನ ಬಶಿ

...ಇಲ್ಲೋ ವಹಾಬ್ಯಾ, ಒಳಗ ಬರಂಗಿಲ್ಲ. ಇಲ್ಲೇ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂದರತೀನಿ. ಏನು? ಸಿಟ್ಟಾ? ಯಾರ ಮ್ಯಾಲ, ನಿನ್ನ ಮ್ಯಾಲ? ಹುಚ್ಚ ಅದಿಯೇನ! ಮೊಣಕಾಲ ಹಿಡದಾವೋ. ನೀ ಡ್ರೈವರ, ಜಲ್ಮಾ ಪೂರ್ತಿ ಕುಂತ ತಿಂದಿ. ನಾ ಕಂಡಕ್ಟರ. ಖಾನಾಪುರದಿಂದ ಜಾಂಬೋಟಿ ತನಕಾ ಗಾಡ್ಯಾಗ ನಿಂತ ನಿಂತ ಸವಸಿದ ಕಾಲು ಇವು. ನಗು, ನಗು... ನಿನಗೇನ!

ಇಷ್ಟ ದಿನಾ ಎಲ್ಲಿ ಸತ್ತಿದ್ದಿ ಅಂತೀಯೇನ? ಎಲ್ಲೂ ಸತ್ತಿದ್ದಿಲ್ಲ. ಇಲ್ಲೇ ಇದ್ನಿ. ಅಂದ್ರ... ಬೆಳಗಾವಿಗೆ ಹೋಗಿದ್ನಿ. ಬಂದ್ನಿ. ಬಿಡು ಅದನ್ನ. ಚಾ ತಂದೀನಿ, ಕುಡಿಯೂಣು. ನಿನ್ನ ಕಪ್ಪು ಆ ಕಿಡಕ್ಯಾಗ ಐತೆಲ್ಲ, ಅದನ್ನ ಇತ್ತ ಹಿಡಿ. ಹಾಂ... ಮುಂದ ಬಾಗಬ್ಯಾಡ, ಕಾಲಿನ ಪಟ್ಟಿ ಜಗ್ಗತೈತಿ. ಅಲ್ಲೇ ಹಿಡಿ, ನಾ ಥರ್ಮಾಸಿನಿಂದ ಹಾಕತೀನಿ.

ಯಾಕ ಹಂಗ ಹುಬ್ಬ ಏರಿಸಿದಿ? ಹೌದಪ್ಪಾ, ಬ್ಯಾರೆ ಕಪ್ಪು. ಈ ಗುರುಪುತ್ರಪ್ಪ ತನ್ನ ಕೈಯಾರೆ ವಹಾಬನ ಚಾ ಬ್ಯಾರೆ ಕಪ್ಪಿನ್ಯಾಗ ಹಾಕಾಕತ್ತಾನ! ಆಗಬಾರದೇನ? ಸಮೃದ್ಧಿ ಸಿಸ್ಟರು ಹೇಳ್ಯಾಳ, ಹಾಕಾಕತ್ತೀನಿ. ಅವತ್ತ ಯಾಕ ಕೇಳಲಿಲ್ಲ ಅಂತೀಯೇನ?

ಅವತ್ತು... ಏನ ಗದ್ದಲ ಮಾಡಿದ್ನಿ ಅಲ್ಲ! ನೀ ಬೆಳಗಾವಿ ದವಾಖಾನ್ಯಾಗ ಕಾಲಿನ ಗಾಯಾ ಕೊಯಿಸಿಕೊಂಡ ಬಂದಿದ್ದಿ. ಈ ವೃದ್ಧಾಶ್ರಮದಾಗ ನಿನಗ ಇದೊಂದ ಬ್ಯಾರೆ ಖೋಲಿ ಕೊಟ್ರು. ಬಾಗಲಕ್ಕ ಹಳದಿ ಚೀಟಿ. ಬಾಜೂಕ ನಳ, ಸಾಬಾಣ. ಸಿಸ್ಟರು ಏನ ಅಂದ್ಲು? "ಅಜ್ಜಾರ, ಇವರ ಗಾಯದಾಗ ಔಷಧಕ್ಕ ಬಗ್ಗಲಾರದ ಹುಳಾ ಕುಂತೈತ್ರಿ. ಒಳಗ ಹೋಗ್ರಿ, ಮಾತಾಡ್ರಿ, ಬ್ಯಾಡನ್ನಂಗಿಲ್ಲ. ಹೋಗೂ ಮುಂದ, ಬರೂ ಮುಂದ ಕೈ ಮಾತ್ರ ತೊಳಕೋರಿ, ಇವರ ಕಪ್ಪ ಬ್ಯಾರೆ ಇರಲಿ. ನಿಮಗೇನ ಆಗಲಿಕ್ಕಿಲ್ಲ, ನಿಮ್ಮ ಕೈಲೆ ಹೋಗಿ ಹಾಸಿಗಿ ಹಿಡದವ್ರಿಗೆ ಹತ್ತತೈತಿ." ಇಷ್ಟ. ಆ ಹುಡಿಗಿ ಕೇಳಿದ್ದು ಇಷ್ಟ!

ನಾ ಏನಂದ್ನಿ? "ವಹಾಬನ ಮುಟ್ಟಿ ಕೈ ತೊಳಕೊಳ್ಳೂದಾ? ಜಾಂಬೋಟಿ ಸ್ಟ್ಯಾಂಡಿನ್ಯಾಗ ಒಂದ ಚಾ ತಗೊಂಡು ಅವಂಗ ಕಪ್ಪು ನನಗ ಬಶಿ ಅಂತ ಕುಡದ ಮಂದಿ ನಾವು! ಬಸವಣ್ಣನ ಒಕ್ಕಲ ನಮ್ಮದು. ಮೈಲಿಗಿ ಅನ್ನೂ ಮಾತ ನನ್ನ ಮುಂದ ಆಡಬ್ಯಾಡ ನೀ!" ಅಂತ ಇಡೀ ಆಶ್ರಮ ಕೇಳೂಹಂಗ ಒದರಿದ್ನಿ. ಪಾಪ, ಆಕಿ ಮೈಲಿಗಿ ಅಂದಿದ್ದಿಲ್ಲ. ಆ ಮಾತ ನಾನ ತಂದದ್ದು. ಬಾಜು ಖೋಲಿ ಬಂಡೆಪ್ಪ ಚಪ್ಪಾಳಿ ಬಡದ. ನೀ ಕಣ್ಣೀರ ತಗದಿ. ನನಗ ಎದಿ ಹಿಂಗ ಉಬ್ಬಿತು ನೋಡ. ಭಾಳ ಉಬ್ಬಿತು...

ಕುಡಿ, ಕುಡಿ, ಆರತೈತಿ.

ಯಾರು? ವೈನೀನಾ? ಕಾಶವ್ವ ಆರಾಮ ಅದಾಳ. ಆರಾಮ... ಚೇತನ ಬಂದಿದ್ದ, ಬೆಳಗಾವಿಗೆ ಕರಕೊಂಡ ಹೋದ. ಕೋಟಿ ಗ್ವಾಡಿ ಬಾಜೂಕ ಮನಿ ಮಾಡ್ಯಾನಲ್ಲ ನನ್ನ ಮಗಾ. ಗಾಳಿ ಬೆಳಕ ಚೊಲೊ ಐತಿ ಅಲ್ಲೆ. ಹೌದೋ ಯಪ್ಪಾ, ಆ್ಯಂಬುಲನ್ಸ್ ಬಂದಿತ್ತು. ಸೊಂಟ ಮುರದ ಹಾಸಿಗಿ ಹಿಡದಾಕಿನ್ನ ಟಂಟಂದಾಗ ಒಯ್ಯಾಕ ಬರತೈತೇನ? ಡ್ರೈವರ ಆಗಿ ಅಷ್ಟೂ ತಿಳಿಯಂಗಿಲ್ಲೇನ ನಿನಗ!

ಹೇಳದ ಹೋದ್ಲಾ? ಇಲ್ಲೋ... ಅವಸರಾತು. ವಹಾಬಣ್ಣಗ ಹೇಳ್ರಿ ಅಂದ್ಲು. ಅಂದ್ಲಲ್ಲ. ಬಾಯಿ ತುಂಬ ಅಂದ್ಲು.

ಕೈಗೇನಾಗಿಲ್ಲ. ಸಾಬಾಣ ಹತ್ತಿ ಸೀಳ್ಯಾವ, ಅಷ್ಟ. ತೊಳಕೊಂಡ್ನಿ, ಮತ್ತ ತೊಳಕೊಂಡ್ನಿ, ಮತ್ತ... ಕಡೀಕ ನಮ್ಮ ಆಯಾ ಮಾಯಕ್ಕ ಬಂದು ನಳಾ ಬಂದ್ ಮಾಡಿ, "ಸಾಕ ಬರ್ರಿ ಅಜ್ಜಾ" ಅಂತ ರಟ್ಟಿ ಹಿಡದ ಕರಕೊಂಡ ಹೋದ್ಲು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ. ಏನ ಕೆಟ್ಟೈತಿ ಅಂದ್ರ... ಏನಿಲ್ಲೋ. ಮಾತಿಗೆ ಅಂದ್ನಿ. ನೀ ಒಬ್ಬ, ಮಾತ ಹಿಡದ ಜಗ್ಗತಿ!

ತಡಿ, ನಾನೂ ಹಾಕ್ಕೋತೀನಿ. ಬಶ್ಯಾಗ ಕುಡದ್ರ ಖರೇ ನನಗ ಚಾ ಕುಡದಂಗ ಆಗೂದು.

...ಏನ ನೋಡಾಕತ್ತಿ?

ಬಶಿ. ಬಶೀನ ಅದು. ಅಡಗಿ ಮನ್ಯಾಗ ಕೈಗೆ ಸಿಕ್ಕಿತು, ತಂದ್ನಿ. ನೀಲಿ ಅಂಚಿನ್ವು ಖಾನಾಪುರ ಪ್ಯಾಟ್ಯಾಗ ಬೇಕಾದಷ್ಟ ಸಿಗತಾವ. ಅಂಚ ಒಡದದ್ದೂ ಸಿಗತಾವೇನಂತ ಕೇಳ್ತಿ? ಭಾಳ ಶಾಣ್ಯಾ ಅದಿ.

ಆತು. ಆಕೀದ. ಬಿಟ್ಟ ಹೋಗ್ಯಾಳ. ಗಡಿಬಿಡ್ಯಾಗ ಮರತ್ಲು. ಮನಶಾ ಮರಿಯಂಗಿಲ್ಲೇನ?

ಹಂಗ ನೋಡಬ್ಯಾಡೋ. ಗೊತ್ತೈತಿ, ಆಕಿ ಇದನ್ನ ಮರಿಯಾಕಿ ಅಲ್ಲ. ನಮ್ಮವ್ವ ನಿನ್ನ ಸಲುವಾಗಿ ಇದನ್ನ ಗ್ವಾಡಿ ಗೂಡಿನ್ಯಾಗ ಬ್ಯಾರೆ ಇಟ್ಟಿದ್ಲು. ನೀ ಬಂದ್ರ ಇದರಾಗ ಚಾ, ನೀ ಹೋದ ಮ್ಯಾಲ ನೀನ ತೊಳದ ಬೋರಲ ಹಾಕಬೇಕು. ನಾ ಗಂಡಸ ಆಗಿ ಸುಮ್ಮ ಇದ್ನಿ. ಕಾಶವ್ವ ಹೊಸಾ ಸೊಸಿ, ತಲಿ ಮ್ಯಾಲ ಸೆರಗ ಹೊತ್ಕೊಂಡು ಅತ್ತಿ ಮುಂದ ನಿಂತ್ಲು. ಈ ಬಶಿ ತಗದು, ತಾನ ಚಾ ಸುರುವಿಕೊಂಡು, ಸುರ್ರ ಅಂತ ಕುಡದು, "ಇನ್ನ ಮ್ಯಾಲ ಇದು ನಂದ್ರಿ ಅತ್ತಿ. ವಹಾಬಣ್ಣಗ ಮನೀ ಕಪ್ಪ ಕೊಡ್ರಿ" ಅಂದ್ಲು. ನಮ್ಮವ್ವನ ಬಾಯಿ ಮುಚ್ಚಿ ಹೋತು! ಅವತ್ತಿನಿಂದ ಇದನ್ನ ನನಗೂ ಮುಟ್ಟಾಕ ಕೊಡಲಿಲ್ಲ. ಇಲ್ಲಿಗೆ ಬರೂ ಮುಂದ ಇಳಕಲ್ ಸೀರಿ ಬಿಟ್ಟ ಬಂದ್ಲು, ಬಶಿ ಬಿಡಲಿಲ್ಲ.

ಕಪ್ಪ ಯಾಕ ಕೆಳಗ ಇಟ್ಟಿ, ವಹಾಬ್ಯಾ? ಬೈ ಬೇಕಾದ್ರ.

ಆಕೀನ ಅಂದಿದ್ಲೋ. ನಾ ಈ ಹಳದಿ ಚೀಟಿ ಸುದ್ದಿ ಹೇಳಿದಾಗ, ಮಲಗಿದಲ್ಲೇ ಎದ್ದ ಕುಂದರಾಕ ನೋಡಿದ್ಲು. "ಈ ವಯಸ್ಸಿನ್ಯಾಗ ಮತ್ತ ವಹಾಬಣ್ಣಗ ಬ್ಯಾರೆ ಕಪ್ಪಾ? ಹೋಗ್ರಿ, ಜೋಡೀಲೆ ಕುಡದ ಬರ್ರಿ" ಅಂದ್ಲು. ಬಂದ್ನಿ. ದಿನಾ ಬಂದ್ನಿ. ನಿನ್ನ ಕಾಲಿನ ಪಟ್ಟಿ ಸರಿ ಮಾಡಿದ್ನಿ, ಕೈ ಧೋತರಕ್ಕ ಒರಸಿಕೊಂಡ್ನಿ, ನೆಟ್ಟಗ ನಮ್ಮ ಖೋಲಿಗೆ, ಆಕಿ ಕಡೆ ಹೋದ್ನಿ. ಆಕಿ ಬೆನ್ನಾಗ ಹುಣ್ಣ ಆಗಿದ್ವಲ್ಲ, ಅವನ್ನ ಒರಸಿದ್ನಿ. ಉಚ್ಚಿ ಪೈಪ ಸರಿ ಮಾಡಿದ್ನಿ. ಇದ ಕೈಲೆ. ಸಾಬಾಣ ಇಲ್ಲೇ ಇತ್ತು. ನೋಡಿ ನೋಡಿ ದಾಟಿ ಹೋದ್ನಿ. ತೊಳಕೊಂಡ್ರ ನಮ್ಮವ್ವನ ಹಂಗ ಆಗತೀನಿ ಅಂತ ಅಂದ್ಕೊಂಡಿದ್ನಿ.

ಜ್ವರಾ ಬಂತು. ಇಳೀಲಿಲ್ಲ. ಬೆಳಗಾವ್ಯಾಗ ಔಷಧ ಬದಲ ಮಾಡಿದ್ರು, ಮತ್ತ ಬದಲ ಮಾಡಿದ್ರು. ಮಾತು ನಿಂತಿತು. ನಾ ಕೈ ಹಿಡದ್ರ ಹಿಚಕತಿದ್ಲು, ಆಮ್ಯಾಲ ಅದೂ ನಿಂತಿತು. ಡಾಕ್ಟರು ರಿಪೋರ್ಟ್ ನೋಡಿ, ಇದು ನಿಮ್ಮ ಆಶ್ರಮದ ಆ ಕಾಲಿನ ಪೇಶಂಟಿನ ಗಾಯದ ಹುಳಾ...

ಇಲ್ಲ! ಇಲ್ಲೋ, ನಿಂದ ಅನ್ನಲಿಲ್ಲ ನಾ! ನಿಂದಲ್ಲ, ನನ್ನ ಕೈಯಿಂದು! ಅಳಬ್ಯಾಡ... ನೀ ಏನ ಮಾಡಿದಿಯೋ? ಕಾಲ ಚಾಚಿ ಮಲಗಿದ್ದಿ. ನಿನಗ ಹೇಳಬಾರದಂತ ಹೊಳಿ ದಂಡಿ ಮ್ಯಾಲ ಆಣಿ ಮಾಡಿ ಬಂದಿದ್ನಿ. ಅಲ್ಲೇ ಕುಣ್ಯಾಗ ಕುಂದರಿಸಿ ಬಂದ್ವೋ ಆಕಿನ್ನ. ಹಣೀಗೆ ಇಬತ್ತಿ ಹಚ್ಚಿ, ಕೈಯಾಗ ಲಿಂಗ ಕೊಟ್ಟು... ಚೇತನ ಮಣ್ಣ ಹಾಕ ಅಪ್ಪಾ ಅಂದಾ. ನನಗ ಕೈ ಚಾಚಾಕ ಆಗಲಿಲ್ಲ. ಈ ಕೈಲೆ ಹ್ಯಾಂಗ ಹಾಕಲಿ?

ವಹಾಬ್ಯಾ.

ಮೊಣಕಾಲಿಗೆ ಏನೂ ಆಗಿಲ್ಲ. ನಿನ್ನ ಮಾರಿ ನೋಡಾಕ ಆಗಲಿಲ್ಲ, ಅದಕ್ಕ ದೂರ ಕುಂತ್ನಿ. ತಡಿ, ಬಂದ್ನಿ, ಒಳಗ ಬರತೀನಿ. ಕೈ ತೊಳಕೋತೀನಿ. ನೋಡ, ಬೆರಳ ಸಂದೀನೂ ತಿಕ್ಕಾಕತ್ತೀನಿ, ಸಿಸ್ಟರು ತೋರಿಸಿದಂಗ. ಉಗುರೂ ಆತು. ಆತು... ತೊಳದ ಕೈಲೆ ಮುಟ್ಟಬಹುದಂತೋ. ಮೊದಲಿಂದ ಮುಟ್ಟಬಹುದಿತ್ತಂತ. ಕೊಡು, ಕೈ ಕೊಡು.

ಯಾಕ? ಕೈ ಯಾಕ ರಗ್ಗಿನ್ಯಾಗ ಮುಚ್ಚಿಕೊಂಡಿ? ಗ್ವಾಡಿ ಕಡೆ ಯಾಕ ಸರದಿ? ನನಗೇನ ಆಗಂಗಿಲ್ಲೋ... ತೊಳಕೊಂಡೀನಿ ಅಂದ್ನೆಲ್ಲ... ನೀರ ಇನ್ನೂ ಸೋರಾಕತ್ತಾವ ನೋಡ... ವಹಾಬ್ಯಾ... ಕೈ ತಗಿಯೋ. ಕೈ ತಗಿಯೋ, ದೋಸ್ತಾ...