ದಾರ ಮುಗಿಯುವ ತನಕ

ಗಂಡ ಶಿವನ ಪಾದ ಸೇರಿದ ಮೇಲೆ ವೀರಭದ್ರಮ್ಮನ ಮನೆಯಲ್ಲಿ ಮಾತೇ ಕಡಿಮೆ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದವಳ ಕಿವಿ ಪಕ್ಕದ ಬೆಂಚಿನ ಕಡೆಗೆ ಹೋಯಿತು. ಅಲ್ಲಿ ಜಮೀಲಾಬೀ ಮೊಮ್ಮಗಳು ಮುಸರತ್‌ಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವಳ ಟೀಚರಿಗೆ ಹೇಳುತ್ತಿದ್ದಳು.

“ಕೌದಿ ಹೊಲಿಯೂಮುಂದ ಈಕಿ ಸೂಜಿಗಿ ದಾರ ಹಾಕಾಕಿ, ಆ ದಾರ ಮುಗಿಯೂತನಕ ನಾ ನಮ್ಮ ಮನಿಮಾತು ದಖನಿಯೊಳಗ ಕಥಿ ಹೇಳಾಕಿ. ತಿಂಗಳಾತ್ರೀ, ಎಲ್ಲಾ ಬಂದ್ ಮಾಡೀನಿ. ಕನ್ನಡ ಚಲೋ ಕಲೀಲಿ ಅಂತ.”

“ಅದಕ್ಕ ನೋಡ್ರೀ, ಸಾಲ್ಯಾಗ ಬಾಯಿನ ಬಿಡವಲ್ಲಳು. ನಿನ್ನಿ ನಾ ಹೊಲಿದ ಕೌದಿ ತೋರಿಸಿದೆ. ಗಂಟಿ ಹೊಡಿಯೂತನಕ ಮಾತಾಡಿದಳು.”

“ಕನ್ನಡದಾಗ?”

“ಕನ್ನಡದಾಗ. ನಡುನಡುವ ನಿಮ್ಮ ಮಾತು ಬಂತು, ಬರ್ಲಿ. ನನ್ನ ಹೊಲಿಗಿ ಸೊಟ್ಟ ಐತಿ ಅಂದಳು.”

“ಹುಡುಗಿ ಸುಳ್ಳು ಹೇಳಂಗಿಲ್ರೀ.”

ಟೀಚರ್ ನಕ್ಕಳು. “ಕಥಿ ಮತ್ತ ಚಾಲೂ ಮಾಡ್ರಿ. ಮನ್ಯಾಗ ಕೇಳಿದ್ದ ಸಾಲ್ಯಾಗ ಬಾಯಿಗಿ ಬರ್ತೈತಿ.”

ಪಾಮನಕಲ್ಲೂರಿನ ಬಸ್ ಬಂತು. ಅಜ್ಜಿ, ಮೊಮ್ಮಗಳು ಎದ್ದರು.

“ದಾದಿಮಾ, ಇವತ್ತ ದಾರ ಹಾಕಲೇನು?”

“ಹೌ ಬೇಟಾ. ಲಂಬಾ ಧಾಗಾ ಡಾಲ್.”

ಉದ್ದನೆಯ ದಾರ ಹಾಕು ಎಂದದ್ದು ವೀರಭದ್ರಮ್ಮನಿಗೂ ತಿಳಿಯಿತು. ಅವರ ಮಾತು ಕೇಳುತ್ತ ಬೆರಳಲ್ಲೇ ನಿಂತುಹೋಗಿದ್ದ ಜಪಮಣಿಯನ್ನು ಅವಳು ಮತ್ತೆ ಮುಂದೆ ಸರಿಸಿದಳು.